ನಗೆಯೂ ಒಂದು ಶ್ರದ್ಧಾಂಜಲಿ

ಸಾವಿನ ಸುದ್ದಿ ಕೇಳಿದಾಗ ದನಿ ತಗ್ಗಿಸಿ ಮಾತನಾಡಬೇಕು, ನಗಬಾರದು ಎಂಬುದು ಹಿರಿಯರು ಹೇಳಿಕೊಟ್ಟ ನಡೆ. ಅದರಲ್ಲಿ ಅರ್ಥವಿಲ್ಲದೆ ಇಲ್ಲ. ದುಃಖದಲ್ಲಿರುವವರ ಎದುರಿಗೆ ನಗುವುದೆಂದರೆ ಅವರ ನೋವನ್ನು ಹಗುರವಾಗಿ ಕಂಡಂತೆ. ಆದರೆ ದೊಡ್ಡ ಗಾಯಕರೊಬ್ಬರು ತೀರಿಕೊಂಡಾಗ ಅವರ ಅಭಿಮಾನಿಗಳು ಕೂಡುವ ಕಡೆ ಕಿವಿಗೊಟ್ಟವರಿಗೆ ಬೇರೊಂದು ಸಂಗತಿಯೂ ತಿಳಿದಿರುತ್ತದೆ. ಮೊದಲು ಮೌನ. ಅನಂತರ ಅವರ ಹಾಡಿನ ಸ್ಮರಣೆ. ಅದಾದ ಮೇಲೆ ಯಾರೋ ಒಬ್ಬರು ಆ ಗಾಯಕರು ಎಂದೋ ಆಡಿದ ಒಂದು ಮಾತನ್ನು, ಪಟ್ಟ ಒಂದು ಪಾಡನ್ನು ಎತ್ತಿಕೊಳ್ಳುತ್ತಾರೆ. ಕುಳಿತವರ ಮುಖದಲ್ಲಿ ನಗೆ ಮೂಡುತ್ತದೆ. ಕಣ್ಣಿನಲ್ಲಿ ನೀರೂ ಇರುತ್ತದೆ. ಈ ನಗೆ ಅಗೌರವವೇ, ಗೌರವವೇ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

2011ನೆಯ ಇಸವಿ ಜನವರಿ 24ರಂದು ಪುಣೆಯಲ್ಲಿ ಪಂಡಿತ ಭೀಮಸೇನ ಜೋಶಿಯವರು ನಿಧನರಾದರು. ಇನ್ನು ಹನ್ನೊಂದು ದಿನ ಕಳೆದಿದ್ದರೆ ಅವರಿಗೆ 89 ವರ್ಷ ತುಂಬುತ್ತಿತ್ತು. ಅದಕ್ಕೆ ಒಂದೂವರೆ ವರ್ಷ ಮೊದಲು, 2009ರ ಜುಲೈ 21ರಂದು, ಹುಬ್ಬಳ್ಳಿಯಲ್ಲಿ ಡಾ. ಗಂಗೂಬಾಯಿ ಹಾನಗಲ್ಲರು 96ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ್ದರು. ಧಾರವಾಡ ಸೀಮೆಯ ಈ ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು. ಇಬ್ಬರ ಅಗಲಿಕೆಯೂ ಊರಿನಿಂದ ದೂರ ಬಂದು ನೆಲೆಸಿದ ಕನ್ನಡಿಗರಿಗೆ ಮನೆಯ ಹಿರಿಯರನ್ನು ಕಳೆದುಕೊಂಡಂತಾಯಿತು.

ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1974ರಲ್ಲಿ ತನ್ನ ಎರಡನೆಯ ಘಟಕವನ್ನು ಘಾಜಿಯಾಬಾದಿನಲ್ಲಿ ತೆರೆಯಿತು. ಅಂಥ ಕಾರ್ಖಾನೆಗಳೂ ಕೇಂದ್ರ ಸರಕಾರದ ಕಚೇರಿಗಳೂ ಕನ್ನಡದ ಕುಟುಂಬಗಳನ್ನು ಹಿಂಡನ್ ನದಿಯ ದಂಡೆಗೆ ಕರೆತಂದವು. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಇಲ್ಲಿಂದ ಹೊರಟು ಸೇರುವುದರೊಳಗೆ ಎಲ್ಲವೂ ಮುಗಿದಿರುತ್ತದೆ. ಹೆಗಲು ಕೊಡುವ ಅವಕಾಶವಿಲ್ಲದವರಿಗೆ ಉಳಿಯುವುದು ನೆನಪು ಮತ್ತು ಮಾತು. ಆದುದರಿಂದ ಅಗಲಿದವರನ್ನು ಯಾವ ಮಾತಿನಿಂದ ನೆನೆಯಬೇಕು ಎಂಬುದು ವಲಸೆ ಬಂದವರಿಗೆ ಕೇವಲ ಶಿಷ್ಟಾಚಾರದ ವಿಷಯವಲ್ಲ. ಮನಸ್ಸಿನ ಆರೋಗ್ಯಕ್ಕೂ ಸಂಬಂಧಪಟ್ಟ ವಿಷಯ.

ಪುಣ್ಯತಿಥಿಯೇ ಹಬ್ಬವಾದ ಬಗೆ

ಹಾಡಿನಿಂದಲೇ ಕಥೆ ನಡೆಸುವ ಪಾಶ್ಚಾತ್ಯರ ನಾಟಕಕ್ಕೆ ಆಪೆರಾ ಎಂದು ಹೆಸರು. 1921ರಲ್ಲಿ ನೇಪಲ್ಸ್ ನಗರದಲ್ಲಿ ತೀರಿಕೊಂಡ ಎನ್ರಿಕೋ ಕರುಸೋ ಆ ರಂಗಭೂಮಿಯ ಅತಿ ಪ್ರಸಿದ್ಧ ಗಾಯಕರಲ್ಲೊಬ್ಬರು. ಅವರನ್ನು ನೆನೆಯುವವರು ಹಾಡಿನ ಜೊತೆಗೆ ಒಂದು ಪ್ರಸಂಗವನ್ನೂ ತಪ್ಪದೆ ಹೇಳುತ್ತಾರೆ. ನಾಟಕ ನಡೆಯುತ್ತಿದ್ದಾಗಲೇ ಸಹನಟರೊಬ್ಬರ ದನಿ ಉಡುಗಿಹೋಯಿತು. ಎತ್ತರದ ಸ್ವರಗಳಿಗೆ ಹೆಸರಾದ ಕರುಸೋ ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತು, ಆ ಮಿತ್ರರ ಮಂದ್ರಸ್ವರದ ಹಾಡನ್ನು ತಾವೇ ಹಾಡಿ ಮುಗಿಸಿದರು. 2007ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊದೆನಾ ನಗರದಲ್ಲಿ ಲೂಚಾನೋ ಪವರೊಟ್ಟಿಯವರ ಅಂತ್ಯಕ್ರಿಯೆ ನಡೆದಾಗ, ಅವರು ತಮ್ಮ ತಂದೆಯೊಡನೆ ಹಾಡಿದ ಧ್ವನಿಮುದ್ರಿಕೆಯನ್ನು ಚರ್ಚಿನಲ್ಲಿ ಕೇಳಿಸಲಾಯಿತು. ನೆರೆದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಂಗದ ಮನುಷ್ಯನನ್ನು ರಂಗದ ರೀತಿಯಿಂದಲೇ ಬೀಳ್ಕೊಡಬೇಕು ಎಂಬ ಭಾವನೆ ಅಲ್ಲಿಯೂ ಇದೆ.

ಕನ್ನಡ ನಾಡಿನಲ್ಲಿ ಆಪೆರಾಕ್ಕೆ ಹತ್ತಿರವಾದದ್ದು ಕಂಪನಿಗಳ ಸಂಗೀತ ನಾಟಕ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಮರಾಠಿ ನಾಟಕ ಕಂಪನಿಗಳಲ್ಲಿ ಹಾಡಿ ಅಭಿನಯಿಸಿ ಹೆಸರು ಪಡೆದವರು. ಸವಾಯಿ ಎಂದರೆ ಒಂದೂಕಾಲು ಪಾಲು. ಅವರನ್ನು ಬರಿಯ ಗಂಧರ್ವರೆಂದರೆ ಸಾಲದು, ಕಾಲು ಪಾಲು ಹೆಚ್ಚೇ ಎನ್ನಬೇಕೆಂಬ ಮೆಚ್ಚುಗೆ ಆ ಬಿರುದಿನಲ್ಲಿದೆ. ಸಂತೆಯ ಲೆಕ್ಕವನ್ನು ಸಂಗೀತಕ್ಕೆ ಹಚ್ಚಿದ ಈ ಬಿರುದಿನಲ್ಲಿಯೇ ಒಂದು ಕಿರುನಗೆಯಿದೆ.

ಸವಾಯಿ ಗಂಧರ್ವರು ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯುವಿನಿಂದ ಬಳಲಿ, 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಶಿಷ್ಯರೂ ಅಭಿಮಾನಿಗಳೂ ಸೇರಿ ಅವರ ಪುಣ್ಯತಿಥಿಯನ್ನು ಸಂಗೀತದಿಂದ ಆಚರಿಸಿದರು. ಆ ಆಚರಣೆಯ ಹೊಣೆಯನ್ನು ಮುಂದೆ ಹಲವಾರು ದಶಕಗಳ ಕಾಲ ಹೊತ್ತವರು ಭೀಮಸೇನ ಜೋಶಿಯವರು. ಒಬ್ಬ ಗುರುವಿನ ಶ್ರಾದ್ಧವಾಗಿ ಮೊದಲಾದದ್ದು ದೇಶದ ಅತಿ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. ಪುಣೆಯ ಡಿಸೆಂಬರ್ ಚಳಿಯಲ್ಲಿ ಕಂಬಳಿ, ಚಾಪೆ, ಚಹದ ಫ್ಲಾಸ್ಕುಗಳೊಂದಿಗೆ ಸಾವಿರಾರು ಜನ ಸೇರುತ್ತಿದ್ದರು. ಧ್ವನಿವರ್ಧಕದ ನಿಯಮಗಳು ಬಿಗಿಯಾಗುವವರೆಗೆ ಬೆಳಗಿನವರೆಗೂ ಹಾಡು ನಡೆಯುತ್ತಿತ್ತು. ಕುಂದಗೋಳದಲ್ಲಿಯೂ ನಾಡಿಗೇರ ವಾಡೆಯಲ್ಲಿ ಅದೇ ನೆನಪಿನ ಸಂಗೀತ ಪ್ರತಿವರ್ಷವೂ ನಡೆದುಬಂದಿದೆ. ಸತ್ತವರ ದಿನವನ್ನು ಜನ ಕಾಯುತ್ತ ಕುಳಿತುಕೊಳ್ಳುವಂತಾದುದು ಸಂಗೀತದ ಮಹಿಮೆ.

ಕೈರಾನಾದಿಂದ ಕುಂದಗೋಳಕ್ಕೆ

ಘಾಜಿಯಾಬಾದಿನಲ್ಲಿರುವ ಕನ್ನಡಿಗರು ನೆನಪಿನಲ್ಲಿಡಬೇಕಾದ ಒಂದು ಸಂಗತಿ ಇದೆ. ಇಲ್ಲಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರು ಹೋದರೆ, ಯಮುನೆಗೆ ಹತ್ತಿರದಲ್ಲಿ, ಈಗಿನ ಶಾಮ್ಲಿ ಜಿಲ್ಲೆಯಲ್ಲಿ ಕೈರಾನಾ ಎಂಬ ಪಟ್ಟಣವಿದೆ. ಕಿರಾಣಾ ಘರಾಣೆಗೆ ಹೆಸರು ಬಂದದ್ದು ಈ ಊರಿನಿಂದ. ಇಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ದಕ್ಷಿಣಕ್ಕೆ ಬಂದರು. ಮೈಸೂರಿನ ಅರಮನೆಯಲ್ಲಿ ಹಾಡಿ ಮನ್ನಣೆ ಪಡೆದರು. ಮೀರಜದಲ್ಲಿ ನೆಲೆನಿಂತರು. ಕುಂದಗೋಳದ ರಾಮಭಾವುವಿಗೆ ವಿದ್ಯೆ ಕೊಟ್ಟರು. ರಾಮಭಾವು ಆ ವಿದ್ಯೆಯನ್ನು ಗಂಗೂಬಾಯಿಯವರಿಗೂ ಭೀಮಸೇನರಿಗೂ ಧಾರೆಯೆರೆದರು. ಗಂಗಾ ಯಮುನೆಗಳ ನಡುವಣ ನಾಡಿನ ಗಾಯನ ಮಲಪ್ರಭೆಯ ಸೀಮೆಯಲ್ಲಿ ಬೇರುಬಿಟ್ಟಿತು. ಅನ್ನ ಅರಸಿ ಧಾರವಾಡದಿಂದ ಇತ್ತ ಬಂದವರು ಆ ಹಾಡನ್ನು ಕ್ಯಾಸೆಟ್ಟುಗಳಲ್ಲಿ ಕಟ್ಟಿಕೊಂಡು ಅದರ ತವರಿಗೇ ಮರಳಿ ತಂದರು. ವಲಸೆ ಬಂದವನು ಬರಿಗೈಯಲ್ಲಿ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಈ ಘರಾಣೆಯ ಹೆಸರನ್ನೇ ಹಿಡಿದು ಭೀಮಸೇನರು ಆಡುತ್ತಿದ್ದ ಮಾತೊಂದು ಸಂಗೀತರಸಿಕರ ವಲಯದಲ್ಲಿ ಪ್ರಸಿದ್ಧವಾಗಿದೆ. ನಿಜವಾದ ಕಿರಾಣಾ ಘರಾಣೆ ಗಂಗೂಬಾಯಿಯವರದು, ತಮ್ಮದು ಬರಿಯ ಕಿರಾಣಿ ಅಂಗಡಿ ಎಂದು ಅವರು ತಮ್ಮ ಗುರುಭಗಿನಿಯೆದುರು ವಿನೋದ ಮಾಡುತ್ತಿದ್ದರು. ಕಿರಾಣಿ ಅಂಗಡಿಯಲ್ಲಿ ಎಲ್ಲ ತರಹದ ಸಾಮಾನೂ ಸಿಗಬೇಕಷ್ಟೆ. ಭೀಮಸೇನರ ಗಾಯನದಲ್ಲಿ ಖ್ಯಾಲಿನ ಜೊತೆಗೆ ಠುಮ್ರಿ, ಮರಾಠಿ ಅಭಂಗ, ಕನ್ನಡ ದಾಸವಾಣಿ, ನಾಟ್ಯಗೀತೆ ಎಲ್ಲವೂ ಇದ್ದವು. ಬೇರೆ ಘರಾಣೆಗಳಿಂದಲೂ ಬೇಕೆನಿಸಿದ್ದನ್ನು ಅವರು ತೆಗೆದುಕೊಂಡರು. ಒಂದು ನಗೆಮಾತಿನಲ್ಲಿ ಗುರುಭಗಿನಿಯ ಶುದ್ಧ ಪರಂಪರೆಗೆ ಗೌರವವೂ, ತಮ್ಮ ಕಲೆಯ ಸ್ವರೂಪದ ವಿಮರ್ಶೆಯೂ, ವಿನಯವೂ ಒಟ್ಟಿಗೆ ಸೇರಿವೆ. ಶೋಕಸಭೆಯಲ್ಲಿ ಇಂಥ ಮಾತೊಂದನ್ನು ನೆನೆದರೆ ಅರ್ಧ ಗಂಟೆಯ ಭಾಷಣ ಉಳಿಯುತ್ತದೆ.

ಜೋಶಿ ಮಾಸ್ತರರ ಮಗ

ಭೀಮಸೇನರು ತೀರಿಕೊಂಡಾಗ ಪತ್ರಿಕೆಗಳಲ್ಲಿಯೂ ಮನೆಗಳಲ್ಲಿಯೂ ಮತ್ತೆ ಮತ್ತೆ ಬಂದದ್ದು ಅವರ ಬಾಲ್ಯದ ಪ್ರಸಂಗ. ಗದುಗಿನಲ್ಲಿ ಉಪಾಧ್ಯಾಯರಾಗಿದ್ದ ಗುರುರಾಜ ಜೋಶಿಯವರ ಈ ಹಿರಿಯ ಮಗನಿಗೆ ಹಾಡಿನ ದನಿ ಎಲ್ಲಿ ಕೇಳಿದರೂ ಅತ್ತಲೇ ಕಾಲು. ಭಜನೆಯ ಮೇಳ ಬಂದರೂ ಸರಿ, ವಾಲಗದ ಮೆರವಣಿಗೆ ಹೊರಟರೂ ಸರಿ, ಹಿಂದೆ ಹಿಂದೆ ನಡೆದು, ದಣಿದಲ್ಲಿ ಮಲಗಿ ನಿದ್ದೆ ಹೋಗುವನು. ತಂದೆ ತಾಯಿ ಊರೆಲ್ಲ ಹುಡುಕುವರು. ಹುಡುಕಿ ಬೇಸತ್ತ ತಂದೆ ಮಗನ ಅಂಗಿಗಳ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟರು. ಕಂಡವರು ಓದಿ ಮನೆಗೆ ತಂದು ಬಿಡುತ್ತಿದ್ದರು. ಮುಂದೆ 2008ರಲ್ಲಿ ಭಾರತರತ್ನ ಗೌರವಕ್ಕೆ ಪಾತ್ರರಾದ ಗಾಯಕರ ಮೊದಲ ಬಿರುದು ಹೀಗೆ ಅಂಗಿಯ ಮೇಲೆ ಬಂದಿತ್ತೆನ್ನಬಹುದು.

ಅಂಗಿಯ ಬರಹ ಊರಿನೊಳಗೆ ಸಾಕಾಯಿತು. ದೇಶಕ್ಕೆ ಸಾಲಲಿಲ್ಲ. ಅಬ್ದುಲ್ ಕರೀಂ ಖಾನರ ಠುಮ್ರಿಯ ಧ್ವನಿಮುದ್ರಿಕೆಯನ್ನು ಕೇಳಿ ಮನಸೋತಿದ್ದ ಹುಡುಗ, 1933ರಲ್ಲಿ ತನ್ನ 11ನೆಯ ವಯಸ್ಸಿನಲ್ಲಿ, ಊಟದಲ್ಲಿ ತುಪ್ಪ ಸಾಕಷ್ಟು ಬಡಿಸಲಿಲ್ಲವೆಂಬ ಮುನಿಸನ್ನು ನೆಪಮಾಡಿಕೊಂಡು ಮನೆ ಬಿಟ್ಟನು. ಕೈಯಲ್ಲಿ ಹಣವಿಲ್ಲ, ಟಿಕೇಟಿಲ್ಲ. ರೈಲಿನಲ್ಲಿ ಹಾಡುವನು, ಸಹಪ್ರಯಾಣಿಕರು ಮೆಚ್ಚಿ ಉಣಿಸುವರು. ಹೀಗೆ ಗ್ವಾಲಿಯರ್, ಕಲ್ಕತ್ತೆ, ದೆಹಲಿ ಎಂದು ಗುರುವನ್ನು ಅರಸುತ್ತ ತಿರುಗಿ ಜಲಂಧರವನ್ನು ಮುಟ್ಟಿದನು. ಕೊನೆಗೆ ತಂದೆ ಅಲ್ಲಿ ಮಗನನ್ನು ಪತ್ತೆಹಚ್ಚಿ ಮನೆಗೆ ಕರೆದುಕೊಂಡು ಬಂದರು. ಕಲ್ಕತ್ತೆಯಿಂದ ದೆಹಲಿಗೆ ಬರುವ ಹಳೆಯ ಮುಖ್ಯ ರೈಲುಮಾರ್ಗ ಘಾಜಿಯಾಬಾದ್ ಜಂಕ್ಷನ್ನಿನ ಮೇಲೆಯೇ ಹಾಯುತ್ತದೆ. ಆ ಹುಡುಗನೂ ಎಂದೋ ಒಂದು ದಿನ ಈ ನಿಲ್ದಾಣದಲ್ಲಿ ಟಿಕೇಟು ಪರೀಕ್ಷಕರ ಕಣ್ಣು ತಪ್ಪಿಸಿ ಕುಳಿತಿದ್ದಿರಬಹುದೆಂದು ಇಲ್ಲಿಯ ಕನ್ನಡಿಗರು ಕಲ್ಪಿಸಿಕೊಂಡರೆ ಅದು ಕ್ಷಮಿಸತಕ್ಕ ಅಭಿಮಾನ. ಅವನು ಹುಡುಕಿಕೊಂಡು ಅಲೆದ ವಿದ್ಯೆ ಕಡೆಗೆ ಸಿಕ್ಕಿದ್ದು ಮನೆಯಿಂದ ಬಹುದೂರವಿಲ್ಲದ ಕುಂದಗೋಳದಲ್ಲಿ ಎಂಬುದು ಈ ಕಥೆಯ ಸ್ವಾರಸ್ಯ.

ಪ್ರಸಿದ್ಧಿ ಬಂದ ಮೇಲೂ ತಿರುಗಾಟ ನಿಲ್ಲಲಿಲ್ಲ. ಬೆಳಗ್ಗೆ ಒಂದು ಊರು, ರಾತ್ರಿ ಇನ್ನೊಂದು ಊರು ಎಂದು ವಿಮಾನದಲ್ಲಿ ಹಾರಾಡುತ್ತಿದ್ದ ಅವರಿಗೆ ಮರಾಠಿಯ ಹಾಸ್ಯಬ್ರಹ್ಮ ಪು. ಲ. ದೇಶಪಾಂಡೆಯವರು 'ಹವಾಯಿ ಗಂಧರ್ವ' ಎಂದು ಹೆಸರಿಟ್ಟರು. ಗುರು ಸವಾಯಿ, ಶಿಷ್ಯ ಹವಾಯಿ! ನೆಲದ ಮೇಲಿರುವಾಗ ಅವರಿಗೆ ಪ್ರಿಯವಾದದ್ದು ಮೋಟಾರು ಕಾರು. ಕಾರನ್ನು ತಾವೇ ನಡೆಸಬೇಕು, ಅದೂ ವೇಗವಾಗಿ. ಅವರ ದ್ರುತ ತಾನಗಳನ್ನು ಕೇಳಿ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

1956ರ 'ಬಸಂತ್ ಬಹಾರ್' ಚಿತ್ರದ ಪ್ರಸಂಗವೂ ಅಷ್ಟೇ ಸ್ವಾರಸ್ಯದ್ದು. ಆ ಚಿತ್ರದ ಸಂಗೀತಸ್ಪರ್ಧೆಯಲ್ಲಿ ನಾಯಕನ ದನಿ ಮನ್ನಾ ಡೇ ಅವರದು, ಎದುರಾಳಿಯ ದನಿ ಭೀಮಸೇನರದು. ಕಥೆಯ ಪ್ರಕಾರ ನಾಯಕ ಗೆಲ್ಲಲೇಬೇಕು. ಭೀಮಸೇನರನ್ನು ಹಾಡಿನಲ್ಲಿ ಸೋಲಿಸಬೇಕೆಂದು ಕೇಳಿದ ಮನ್ನಾ ಡೇ ಊರು ಬಿಟ್ಟು ಓಡಿಹೋಗುವ ಯೋಚನೆಗೆ ಬಿದ್ದರು. ಹೆಂಡತಿ ಧೈರ್ಯ ಹೇಳಿದ ಮೇಲೆ ಹಾಡಿದರು, ಭೀಮಸೇನರಿಂದ ಮೆಚ್ಚುಗೆಯನ್ನೂ ಪಡೆದರು. ಮನ್ನಾ ಡೇ ಅವರೇ ಇದನ್ನು ನಗುತ್ತ ಹೇಳಿಕೊಳ್ಳುತ್ತಿದ್ದರು.

ನೋವಿನಿಂದ ಹುಟ್ಟಿದ ವಿನೋದ

ಗಂಗೂಬಾಯಿಯವರ ವಿನೋದದ ಬಗೆ ಬೇರೆ. ಅದು ಬಾಳಿನ ಕಹಿಯನ್ನು ಅರಗಿಸಿಕೊಂಡು ಬಂದ ವಿನೋದ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದಾಗ ಅವರಿಗೆ 11 ವರ್ಷ. ಹಾಡಿನ ಭಯಕ್ಕಿಂತ ಹೆಚ್ಚಾಗಿ, ಜಾತಿಯ ಕಾರಣದಿಂದ ತನ್ನನ್ನು ಊಟಕ್ಕೆ ಬೇರೆ ಕೂರಿಸಿಯಾರೋ, ಎಲೆ ತೆಗೆಯಲು ಹೇಳಿಯಾರೋ ಎಂಬ ಭಯವೇ ಆ ಬಾಲಕಿಯನ್ನು ಕಾಡಿತ್ತು. ಹಾಡುವ ಹೆಂಗಸೆಂದು ಓಣಿಯಲ್ಲಿ ಕೇಳಿದ ಕುಹಕಗಳನ್ನೂ ಅವರು ಮರೆಯಲಿಲ್ಲ. ಮುಸಲ್ಮಾನ ಗಾಯಕ ಉಸ್ತಾದನಾಗುತ್ತಾನೆ, ಹಿಂದೂ ಗಾಯಕ ಪಂಡಿತನಾಗುತ್ತಾನೆ, ಹೆಂಗಸು ಮಾತ್ರ ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬ ಅರ್ಥದ ಮಾತನ್ನು ಅವರು ನಕ್ಕು ಹೇಳುತ್ತಿದ್ದರು. ಕೇಳಿದವರೂ ನಗುತ್ತಿದ್ದರು. ಆದರೆ ಮನೆಗೆ ಹೋದ ಮೇಲೆ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಅವರ ನಿಧನದ ಸಂದರ್ಭದಲ್ಲಿ ಅತಿ ಹೆಚ್ಚಾಗಿ ನೆನೆಯಲ್ಪಟ್ಟ ಮಾತು ಇದೇ ಇದ್ದಿರಬೇಕು.

ಒಮ್ಮೆ ಕಲ್ಕತ್ತೆಯ ಸಂಗೀತ ಸಮ್ಮೇಳನಕ್ಕೆ ಆಹ್ವಾನ ಬಂದಾಗ, ತೆಳ್ಳಗೆ ಬಡಕಲಾಗಿದ್ದ ಅವರನ್ನು ನೋಡಿ ವ್ಯವಸ್ಥಾಪಕರಿಗೆ ಸಂಶಯ ಬಂತು. ಇಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ಸಭೆಗೆ ಕೇಳುವಂಥ ದನಿ ಬಂದೀತೇ? ಮೊದಲು ಖಾಸಗಿಯಾಗಿ ಹಾಡಿಸಿ ನೋಡಿದರು. ಅನಂತರ ಸಮ್ಮೇಳನದಲ್ಲಿ ಅವರು ಹಾಡಿದ್ದಕ್ಕೆ ತ್ರಿಪುರದ ಮಹಾರಾಜರು ಚಿನ್ನದ ಪದಕ ಕೊಟ್ಟರು.

ಅವರ ದನಿಯ ಕಥೆಯಂತೂ ವೈದ್ಯರೂ ಕೇಳಬೇಕಾದದ್ದು. ಎಳೆಯ ವಯಸ್ಸಿನಲ್ಲಿ ತೆಳುವೂ ಎತ್ತರವೂ ಆಗಿದ್ದ ಅವರ ಕಂಠ, ಟಾನ್ಸಿಲ್ ತೊಂದರೆಗಾಗಿ ಮಾಡಿದ ಗಂಟಲಿನ ಚಿಕಿತ್ಸೆಯ ತರುವಾಯ ಗಂಡಸಿನ ಕಂಠದಂತೆ ಗಡುಸಾಯಿತು. ಬೇರೊಬ್ಬರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಗಂಗೂಬಾಯಿಯವರು ಆ ದನಿಯನ್ನೇ ತಮ್ಮ ದನಿಯನ್ನಾಗಿ ಮಾಡಿಕೊಂಡರು. ರೇಡಿಯೋದಲ್ಲಿ ಮೊದಲ ಬಾರಿ ಕೇಳಿದವರು ಯಾರೋ ಪುರುಷ ಗಾಯಕರೆಂದು ತಿಳಿದು ಮೋಸಹೋಗುತ್ತಿದ್ದರು. ಈ ತಪ್ಪುಗ್ರಹಿಕೆಯನ್ನು ನೆನೆದು ಎಲ್ಲರಿಗಿಂತ ಮೊದಲು ನಗುತ್ತಿದ್ದವರು ಸ್ವತಃ ಅವರೇ. ಹೀಗಾಗಿ ಅವರ ಅಭಿಮಾನಿಗಳು ಆ ದನಿಯ ಬಗ್ಗೆ ವಿನೋದವಾಡಿದರೆ ಅದು ಗೇಲಿಯಾಗುವುದಿಲ್ಲ. ಅವರೇ ತೆರೆದಿಟ್ಟ ಬಾಗಿಲಿನಿಂದ ಒಳಗೆ ಬಂದಂತಾಗುತ್ತದೆ.

ಇಲ್ಲಿ ಒಂದು ಆರೋಗ್ಯದ ಮಾತು. ದನಿ ಒಡೆದು ಮೂರು ವಾರಗಳಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು. ಅದರಲ್ಲಿಯೂ ಬೀಡಿ, ಸಿಗರೇಟು, ತಂಬಾಕಿನ ಚಟವಿರುವವರು ತಡಮಾಡಲೇಬಾರದು. ಎಲ್ಲ ಗಡಸು ದನಿಯೂ ಗಂಗೂಬಾಯಿಯವರ ದನಿಯಂತೆ ನಿರಪಾಯವಾಗಿರುವುದಿಲ್ಲ.

ಶೋಕ, ನಗೆ ಮತ್ತು ಶರೀರ

ಹಾಡು, ಅಳು, ನಗೆ ಮೂರಕ್ಕೂ ಶರೀರದಲ್ಲಿ ಒಂದೇ ಯಂತ್ರ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಸ್ನಾಯು, ಪಕ್ಕೆಲುಬುಗಳ ನಡುವಣ ಸ್ನಾಯುಗಳು, ಶ್ವಾಸಕೋಶ, ಗಂಟಲಿನ ಧ್ವನಿತಂತುಗಳು ಮೂರಕ್ಕೂ ಬೇಕು. ಗಾಯಕನು ಉಸಿರನ್ನು ಅಳತೆಯಿಂದ ಬಿಡುತ್ತಾನೆ. ಅಳುವವನಿಗೂ ನಗುವವನಿಗೂ ಆ ಅಳತೆ ತಪ್ಪುತ್ತದೆ. ಮನಸಾರೆ ನಕ್ಕಾಗ ನಾಡಿಯ ಬಡಿತ ಸ್ವಲ್ಪ ಹೊತ್ತು ಏರಿ, ಅನಂತರ ಸ್ನಾಯುಗಳ ಬಿಗಿ ಸಡಿಲುತ್ತದೆ. ಅತ್ತು ನಕ್ಕ ಮೇಲೆ ಎದೆ ಹಗುರಾಯಿತು ಎಂಬ ಮಾತು ಕೇವಲ ಅಲಂಕಾರವಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಎಂಬವರು 1997ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಸುಮಾರು ಆರು ತಿಂಗಳಾದವರೊಡನೆ ಅವರು ಮಾತನಾಡಿದರು. ಅಗಲಿದವರನ್ನು ಕುರಿತು ಹೇಳುವಾಗ ನಡುನಡುವೆ ನಿಜವಾಗಿ ನಕ್ಕವರಲ್ಲಿ ಮನಸ್ಸಿನ ಬೇಗುದಿ ಕಡಿಮೆಯಿತ್ತು, ಇತರರೊಡನೆ ಅವರ ಸಂಬಂಧವೂ ಹೆಚ್ಚು ಚೆನ್ನಾಗಿತ್ತು. ತೋರಿಕೆಗೆ ತುಟಿ ಅಗಲಿಸುವ ನಗೆಯನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಕಣ್ಣಿನ ಸುತ್ತಲಿನ ಸ್ನಾಯುವೂ ಸೇರಿಕೊಂಡು ಬರುವ ನಗೆಯನ್ನೇ ನಿಜವಾದ ನಗೆಯೆಂದು ಎಣಿಸಿದರು. ನಗೆ ಶೋಕವನ್ನು ಅಳಿಸುತ್ತದೆಂದು ಇದರ ಅರ್ಥವಲ್ಲ. ಶೋಕದ ನಡುವೆ ಉಸಿರಾಡಲು ಅದು ಎಡೆಮಾಡಿಕೊಡುತ್ತದೆ.

ಶೋಕಕ್ಕೆ ದಾರಿ ಸಿಗದಿದ್ದರೆ ಏನಾಗುತ್ತದೆಂಬುದನ್ನೂ ಕನ್ನಡಿಗರು ಕಂಡಿದ್ದಾರೆ. ನಟರೂ ಗಾಯಕರೂ ಆಗಿದ್ದ ಡಾ. ರಾಜಕುಮಾರರು 2006ರ ಏಪ್ರಿಲ್ 12ರಂದು ನಿಧನರಾದಾಗ ಬೆಂಗಳೂರಿನ ಬೀದಿಗಳಲ್ಲಿ ಅಭಿಮಾನ ರೋಷವಾಗಿ ತಿರುಗಿತು. ಒಬ್ಬ ಪೊಲೀಸ್ ಪೇದೆಯೂ ಸೇರಿ ಕೆಲವರು ಪ್ರಾಣ ಕಳೆದುಕೊಂಡರು. ಅಭಿಮಾನಿಗಳನ್ನು ದೇವರೆಂದು ಕರೆದ ವ್ಯಕ್ತಿಗೆ ಅದು ತಕ್ಕ ವಿದಾಯವಾಗಿರಲಿಲ್ಲ.

ನಗರದ ಮನೆಗಳಲ್ಲಿ ಶೋಕ ಬೀದಿಗೆ ಬರುವುದಿಲ್ಲ, ಒಳಗೇ ಉಳಿಯುತ್ತದೆ. ಮಗನ ನೌಕರಿಯ ಜೊತೆಗೆ ಊರು ಬಿಟ್ಟು ಬಂದ ವೃದ್ಧ ತಂದೆಯೋ ತಾಯಿಯೋ ಸಂಗಾತಿಯನ್ನು ಕಳೆದುಕೊಂಡಾಗ, ನೆರೆಮನೆಯವರ ಭಾಷೆ ಬೇರೆ, ಮೊಮ್ಮಕ್ಕಳ ಹೊತ್ತು ಬೇರೆ. ಅಗಲಿದವರ ಹೆಸರೆತ್ತಿದರೆ ದುಃಖ ಹೆಚ್ಚೀತೆಂದು ಮನೆಯವರು ಮಾತು ಮರೆಸುತ್ತಾರೆ. ಇದು ಪ್ರೀತಿಯಿಂದ ಮಾಡುವ ತಪ್ಪು. ಅವರನ್ನು ಕೂರಿಸಿಕೊಂಡು, ಅಪ್ಪ ಮದುವೆಯಲ್ಲಿ ಏನು ಫಜೀತಿ ಮಾಡಿಕೊಂಡರು, ಅಮ್ಮ ಮೊದಲ ಸಲ ದೆಹಲಿಯ ಚಳಿಗೆ ಏನೆಂದರು ಎಂದು ಕೇಳಬೇಕು. ಕಥೆ ಹೊರಬಂದಂತೆ ನಗೆಯೂ ಬರುತ್ತದೆ. ನಿದ್ರೆ, ಊಟ, ದೈನಂದಿನ ಕೆಲಸಗಳು ಆರು ತಿಂಗಳು ಕಳೆದರೂ ಹಳಿಗೆ ಬಾರದಿದ್ದರೆ, ಬದುಕು ಬೇಡವೆಂಬ ಮಾತು ಬಾಯಿಗೆ ಬಂದರಂತೂ ತಕ್ಷಣವೇ, ಮನೋವೈದ್ಯರನ್ನು ಕಾಣಬೇಕು. ತೀವ್ರವಾದ ಶೋಕ ಹೃದಯದ ಎಡಕೋಣೆಯನ್ನು ತಾತ್ಕಾಲಿಕವಾಗಿ ದುರ್ಬಲಗೊಳಿಸುವುದೂ ಉಂಟು. ಜಪಾನಿನ ವೈದ್ಯರು ಮೊದಲು ವಿವರಿಸಿದ ಈ ಸ್ಥಿತಿ ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ಆದುದರಿಂದ ಸಾವಿನ ಮನೆಯಲ್ಲಿ ಯಾರಾದರೂ ಎದೆನೋವೆಂದರೆ, ದುಃಖದಿಂದ ಹಾಗಾಗಿದೆ ಎಂದು ಬಿಟ್ಟುಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನಗಬಾರದ ಎಡೆ

ಎಲ್ಲ ನಗೆಯೂ ಒಂದೇ ಅಲ್ಲ. ಭೀಮಸೇನರು ಬಾಳಿನ ಬಹುಭಾಗ ಮದ್ಯದ ಚಟದೊಡನೆ ಹೋರಾಡಿದರೆಂಬುದು ಗುಟ್ಟಲ್ಲ. ಆ ಕಾಲದಲ್ಲಿ ಅದನ್ನೂ ರಂಜನೆಯ ಕಥೆಯನ್ನಾಗಿ ಮಾಡಿ, ಗಾಯಕನೆಂದ ಮೇಲೆ ಅಷ್ಟು ಇದ್ದದ್ದೇ ಎಂದು ನಗುವವರಿದ್ದರು. 1970ರ ದಶಕ ಮುಗಿಯುವ ಹೊತ್ತಿಗೆ ಅವರು ಕುಡಿತವನ್ನು ಬಿಟ್ಟರು. ಅನಂತರದ ಮೂರು ದಶಕಗಳ ಸಂಗೀತ ರಸಿಕರಿಗೆ ದಕ್ಕಿದ್ದು ಆ ನಿರ್ಧಾರದಿಂದ. 1988ರಲ್ಲಿ ದೂರದರ್ಶನದ ಏಕತಾಗೀತೆಯಲ್ಲಿ ದೇಶಕ್ಕೆಲ್ಲ ಕೇಳಿಸಿದ ಅವರ ದನಿಯೂ ಆ ಗೆಲುವಿನ ತರುವಾಯದ್ದು. 1999ರಲ್ಲಿ ಮೆದುಳಿನಲ್ಲಿದ್ದ, ಕ್ಯಾನ್ಸರಲ್ಲದ ಗೆಡ್ಡೆಯನ್ನು ತೆಗೆಸಿಕೊಂಡ ಮೇಲೂ ಅವರು ಚೇತರಿಸಿಕೊಂಡು, 2007ರಲ್ಲಿಯೂ ಗುರುವಿನ ಉತ್ಸವದಲ್ಲಿ ಹಾಡಿದರು. ಅವರ ಕುಡಿತದ ಕಥೆಗಿಂತ ಕುಡಿತ ಬಿಟ್ಟ ಕಥೆಯನ್ನು ಅಭಿಮಾನಿಗಳು ಹೆಚ್ಚಾಗಿ ಹೇಳಬೇಕು.

ಏಕೆಂದರೆ ಕಲಾವಿದನ ಚಟವನ್ನು ನಕ್ಕು ಮನ್ನಿಸುವ ಬಾಯಿಯೇ ಮನೆಯೊಳಗಿನ ಚಟವನ್ನೂ ನಕ್ಕು ಮುಚ್ಚುತ್ತದೆ. ಸಂತೋಷಕೂಟದಲ್ಲಿ ಎಲ್ಲರನ್ನೂ ನಗಿಸುವ ಮನುಷ್ಯ ಮನೆಗೆ ಹೋದ ಮೇಲೆ ಹೆಂಡತಿ ಮಕ್ಕಳಿಗೆ ಹೇಗಿರುತ್ತಾನೆಂಬುದು ನಕ್ಕವರಿಗೆ ತಿಳಿಯದು. ಮದ್ಯದ ಚಟ ಒಂದು ರೋಗ, ಅದಕ್ಕೆ ಚಿಕಿತ್ಸೆಯಿದೆ. ಬಹುಕಾಲ ಹೆಚ್ಚಾಗಿ ಕುಡಿದವರು ಒಮ್ಮೆಗೇ ತಾವಾಗಿ ನಿಲ್ಲಿಸುವುದು ಅಪಾಯಕರ. ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ಸೆಳವು, ಬುದ್ಧಿಭ್ರಮಣೆ ಉಂಟಾಗಬಹುದು. ಆದುದರಿಂದ ವೈದ್ಯರ ನೋಟದಲ್ಲಿಯೇ ಬಿಡಬೇಕು. ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರ ಘಾಜಿಯಾಬಾದಿನ ಕಮಲಾ ನೆಹರೂ ನಗರದಲ್ಲಿಯೇ ಇದೆ.

ಹಾಗಾದರೆ ಶೋಕಸಭೆಯಲ್ಲಿ ಯಾವ ನಗೆ ಸಲ್ಲುತ್ತದೆ? ಅಗಲಿದವರು ಎದುರಿಗೆ ಕುಳಿತಿದ್ದರೆ ತಾವೂ ನಗುತ್ತಿದ್ದಂಥ ಮಾತು ಸಲ್ಲುತ್ತದೆ. ಅವರ ಹೆಂಡತಿ ಮಕ್ಕಳು ತಲೆ ತಗ್ಗಿಸುವಂಥ ಮಾತು ಸಲ್ಲದು. ಅವರ ರೋಗವನ್ನು, ರೂ‍ಪವನ್ನು, ಸೋಲನ್ನು ಆಡಿಕೊಳ್ಳುವುದು ಸಲ್ಲದು. ಮೊದಲು ಮನೆಯವರು ನಗಲಿ, ಅನಂತರ ಹೊರಗಿನವರು ನಗಬಹುದು. ಇಷ್ಟು ಎಚ್ಚರವಿದ್ದರೆ ಸಾಕು.

ಕಣ್ಣು ಉಳಿಸಿಹೋದವರು

ಗಂಗೂಬಾಯಿಯವರು 2003ರ ಸುಮಾರಿಗೆ ಎಲುಬಿನ ಮಜ್ಜೆಯ ಕ್ಯಾನ್ಸರನ್ನೂ ಎದುರಿಸಿ ಗೆದ್ದವರು. ನಿಧನರಾದಾಗ ಅವರ ಇಚ್ಛೆಯಂತೆ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 96 ವರ್ಷ ಜಗತ್ತನ್ನು ಕಂಡ ಕಣ್ಣುಗಳೂ ದಾನಕ್ಕೆ ಯೋಗ್ಯವೆಂದ ಮೇಲೆ, ತನಗೆ ವಯಸ್ಸಾಯಿತೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಡಾ. ರಾಜಕುಮಾರರ ಕಣ್ಣುಗಳೂ ದಾನವಾದವು.

ನೇತ್ರದಾನದ ಕ್ರಮ ಸುಲಭ. ಕನ್ನಡಕ ಹಾಕುವವರು, ಪೊರೆಯ ಶಸ್ತ್ರಚಿಕಿತ್ಸೆಯಾದವರು, ಸಕ್ಕರೆ ಕಾಯಿಲೆಯಿರುವವರು ಕೂಡ ಸಾಮಾನ್ಯವಾಗಿ ದಾನ ಮಾಡಬಹುದು. ಪ್ರಾಣ ಹೋದ ಮೇಲೆ ಸುಮಾರು 6 ಗಂಟೆಗಳೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನು ನಿಲ್ಲಿಸಿ, ತಲೆಯ ಕೆಳಗೆ ದಿಂಬು ಕೊಟ್ಟು ಎತ್ತರ ಮಾಡಬೇಕು. ನೇತ್ರಬ್ಯಾಂಕಿಗೆ ಕೂಡಲೇ ತಿಳಿಸಿದರೆ ಅವರೇ ಮನೆಗೆ ಬಂದು, ಅರ್ಧ ಗಂಟೆಯೊಳಗೆ ಕೆಲಸ ಮುಗಿಸುತ್ತಾರೆ. ಮುಖ ವಿಕಾರವಾಗುವುದಿಲ್ಲ. ದೆಹಲಿಯಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ರಾಷ್ಟ್ರೀಯ ನೇತ್ರಬ್ಯಾಂಕು 1965ರಿಂದ ಕೆಲಸ ಮಾಡುತ್ತಿದೆ. ಆದರೆ ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರು. ತನ್ನ ಇಚ್ಛೆಯನ್ನು ಬದುಕಿರುವಾಗಲೇ, ಎಲ್ಲರೂ ಕೂಡಿ ಉಣ್ಣುತ್ತಿರುವ ಒಂದು ದಿನ, ನಗುನಗುತ್ತಲೇ ಹೇಳಿಬಿಡುವುದು ಒಳ್ಳೆಯದು. ಸಾವಿನ ವಿಷಯವನ್ನು ಹೀಗೆ ಹಗುರಾಗಿ ಎತ್ತಬಲ್ಲ ಮನೆಯಲ್ಲಿ ಕಷ್ಟದ ನಿರ್ಧಾರಗಳು ಸುಲಭವಾಗುತ್ತವೆ.

ಚಿತ್ರಪಟಕ್ಕೆ ಹಾರ ಹಾಕಿದಾಗ ಮನುಷ್ಯ ದೊಡ್ಡವನಾಗಿ ಗೋಡೆಯ ಮೇಲೆ ದೂರ ನಿಲ್ಲುತ್ತಾನೆ. ಅವನ ಒಂದು ತಮಾಷೆಯ ಮಾತನ್ನು ನೆನೆದಾಗ ಕೆಳಗಿಳಿದು ಬಂದು ಪಕ್ಕದಲ್ಲಿ ಕೂರುತ್ತಾನೆ. ಕನ್ನಡ ಬಾರದ ನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಭೀಮಸೇನರ ರಾಗವಿಸ್ತಾರ ತಿಳಿಯಲು ಕಾಲ ಬೇಕಾದೀತು. ತುಪ್ಪಕ್ಕಾಗಿ ಮುನಿಸಿಕೊಂಡು ಮನೆ ಬಿಟ್ಟ ಹುಡುಗನ ಕಥೆ ಮಾತ್ರ ಇಂದೇ ತಿಳಿಯುತ್ತದೆ. ಆ ಕಥೆಗೆ ನಕ್ಕ ಮಗು ನಾಳೆ ಆ ಹಾಡಿಗೂ ಕಿವಿಗೊಟ್ಟೀತು. ಈ ವರ್ಷ ಸಂಘದ ಸದಸ್ಯರು ಯಾರನ್ನಾದರೂ ನೆನೆಯಲು ಕೂಡಿದಾಗ ಎರಡು ನಿಮಿಷದ ಮೌನವನ್ನು ತಪ್ಪದೆ ಆಚರಿಸಲಿ. ಅದರ ಬಳಿಕ ಐದು ನಿಮಿಷ ನಗೆಗೂ ಮೀಸಲಿರಲಿ.